ಗೌಡರು ಗ್ರೀಕ್ ರಾಜರಾದದ್ದು

ಜನರನ್ನು ಅಳಿಸುವ ನಾಟಕ ಆಡಿಸಲು ಹೊರಟವರ ಬೆನ್ನಿಗೇ ನಗು ಬೀಳುತ್ತದೆ. ಕೊಪ್ಪಳದ ಕಾಲೇಜಿನಲ್ಲಿ ಹದಿನೆಂಟು ವರ್ಷ ಪಾಠ ಹೇಳಿ ನಾನು ಕಲಿತದ್ದು ಇಷ್ಟೇ. ಹೋದ ವರ್ಷದ ಗ್ರೀಕ್ ನಾಟಕವನ್ನೇ ನೋಡಿ.

ಬೀಗರು

ತರಗತಿಯಲ್ಲಿ ಹಳೆಯ ಗ್ರೀಕ್ ದುರಂತ ನಾಟಕವೊಂದರ ಕಥೆ ಹೇಳುತ್ತಿದ್ದೆ. ಒಬ್ಬನ ಹೆಣವನ್ನು ಯಾರೂ ಹೂಳಕೂಡದೆಂದು ರಾಜ ಅಪ್ಪಣೆ ಮಾಡುತ್ತಾನೆ. ಸತ್ತವನ ತಂಗಿ ಹೆದರದೆ ಮಣ್ಣು ಕೊಡುತ್ತಾಳೆ, ಅದಕ್ಕೆ ತನ್ನ ಜೀವವನ್ನೇ ತೆರುತ್ತಾಳೆ.

ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಯಲಬುರ್ಗಾ ಕಡೆಯ ಹಳ್ಳಿಯ ದಲಿತ ಕೇರಿಯವಳು. ಅವರ ಸುಡುಗಾಡಿನ ಕಾಲುದಾರಿಗೆ ಊರ ಗೌಡರು ಜಾಲಿಮುಳ್ಳಿನ ಬೇಲಿ ಬಡಿದಿದ್ದರು. ಅವಳ ಅಜ್ಜ ತೀರಿಕೊಂಡಾಗ ಹೆಣವನ್ನು ಎದೆಮಟ್ಟದ ಹಳ್ಳದ ನೀರಿನಲ್ಲಿ ಹೊತ್ತು ದಾಟಿಸಿದ್ದರು.

"ಮೇಡಂ, ಈ ನಾಟಕ ನಮ್ಮೂರಾಗ ಆಡೂಣ್ರಿ. ತಂಗಿ ಪಾರ್ಟು ನಂದು."

"ಇದು ಗ್ರೀಕರ ಕಥಿ ಐತವ್ವಾ. ನಿಮ್ಮೂರ ಮಂದಿಗೆ ತಿಳೀತೈತೇನು?"

"ಕಥಿ ಪೂರಾ ತಿಳೀತೈತ್ರಿ. ತಿಳೀದಿದ್ದು ಒಂದ. ನಮ್ಮ ಗೌಡ್ರ ಬೀಗರು ಅಷ್ಟು ದೂರ ಹೋಗಿ ಹೆಂಗ ರಾಜ್ಯ ಕಟ್ಟಿದ್ರು?"

ಕಿರೀಟ

ರಾಜನ ಕಿರೀಟಕ್ಕೆಂದು ಕಿನ್ನಾಳಕ್ಕೆ ಹೋದೆ. ಮರದ ಗೊಂಬೆ ಮಾಡುವ ಹಿರಿಯರೊಬ್ಬರಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ: ತಲೆ ಸುತ್ತ ಎಲೆಗಳ ಪಟ್ಟಿ, ಅಷ್ಟೇ.

ಅವರು ಕನ್ನಡಕ ಏರಿಸಿ ನೋಡಿದರು. "ಇವ ಏನು ಮಾಡ್ತಾನ್ರಿ?"

"ಹೆಣ ಹೂಳಾಕ ಬಿಡಂಗಿಲ್ರಿ."

"ಮತ್ತ ಹಣಿಗೆ ಬಾಸಿಂಗ ಯಾಕ ಕಟ್ಕೊಂಡಾನ? ಊರಾಗ ಹೆಣ ಬಿದ್ದೈತಿ, ಇವ ಮದುವಿಗೆ ಹೊಂಟಾನ!"

ಬೇಡವೆಂದರೂ ಕೇಳದೆ ಗೋಪುರದಂಥ ಕಿರೀಟ ಮಾಡಿ, ಬಣ್ಣ ಹಚ್ಚಿ, ತುದಿಗೆ ಒಂದು ಗಿಳಿ ಕೂಡಿಸಿ ಕೊಟ್ಟರು. ಗ್ರೀಸಿಗೆ ಗಿಳಿ ಹೋದದ್ದು ಹೀಗೆ.

ಪಾರ್ಟು

ಊರ ಕಟ್ಟೆಯ ಮೇಲೆ ಆಡಲು ಗೌಡರ ಒಪ್ಪಿಗೆ ಬೇಕಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾಜನ ಪಾರ್ಟು ಐತೇನ್ರಿ?"

"ಐತ್ರಿ."

"ಹಂಗಾರ ಅದು ನಂದ. ಮೂವತ್ತು ವರ್ಷ ಆತು, ಈ ಊರ ನಾಟಕದಾಗ ಬ್ಯಾರೆ ತಲಿ ಮ್ಯಾಲ ಕಿರೀಟ ಕುಂತಿಲ್ಲ."

ಪಕ್ಕದಲ್ಲಿದ್ದ ಹುಡುಗಿ ನನ್ನ ಮೊಣಕೈ ಚಿವುಟಿ, "ಹೂಂ ಅನ್ರಿ" ಎಂದು ಪಿಸುಗುಟ್ಟಿದಳು. ಅಂದೆ.

ಮೂರನೆಯ ತಾಲೀಮಿಗೆ ಗೌಡರಿಗೆ ಕಥೆ ಅರ್ಥವಾಯಿತು. ಕಣ್ಣೊರೆಸಿಕೊಂಡರು. "ಈ ರಾಜ ಭಾಳ ಹರಾಮಿ ಅದಾನ್ರಿ ಮೇಡಂ. ಸತ್ತವರ ಮ್ಯಾಲ ಯಾರರ ಹಟ ಮಾಡ್ತಾರೇನ್ರಿ?"

ಹುಡುಗಿ ಕೈಕಟ್ಟಿ ನಿಂತು ಹೇಳಿದಳು: "ಅಂಥವ್ರು ಗ್ರೀಸಿನ್ಯಾಗಷ್ಟ ಇರ್ತಾರ್ರಿ ಗೌಡ್ರ."

ಬಿಟ್ಟ ಮಾತು

ನಾಟಕ ಸಂಜೆ ನಾಲ್ಕಕ್ಕೇ ಶುರು. ಮುಗಿದ ಮೇಲೆ ಉಳಿದ ಪಾರ್ಟುಗಳ ಕಾಲೇಜು ಹುಡುಗಿಯರು ಕೊಪ್ಪಳದ ಬಸ್ಸು ಹಿಡಿಯಬೇಕಲ್ಲ. ಗೌಡರು ಮೂವತ್ತು ವರ್ಷದಲ್ಲಿ ಒಂದು ಮಾತನ್ನೂ ಬಾಯಿಪಾಠ ಮಾಡಿದವರಲ್ಲ. ಪರದೆ ಹಿಂದಿನಿಂದ ಒಬ್ಬರು ಓದಿ ಕೊಡಬೇಕು, ಅವರು ಮುಂದೆ ನಿಂತು ಗುಡುಗಬೇಕು. ಅಂದು ಓದುವವಳು ನಾನು.

ಕೊನೆಯ ದೃಶ್ಯ. ತಂಗಿ ಸತ್ತು ಬಿದ್ದಿದ್ದಾಳೆ, ರಾಜ ಮರುಗುತ್ತಿದ್ದಾನೆ. ನಾನು ಓದಿದೆ: "ತಪ್ಪಾತು, ಹೂಳ್ರಿ." ಗೌಡರು ಗುಡುಗಿದರು. ಪುಸ್ತಕದಲ್ಲಿದ್ದದ್ದು ಅಷ್ಟೇ. ಆದರೆ ಸತ್ತು ಬಿದ್ದಿದ್ದ ಹುಡುಗಿ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದಳು. ನನ್ನ ಬಾಯಿ ನಿಲ್ಲಲಿಲ್ಲ: "ಸುಡುಗಾಡಿನ ದಾರಿ ಬೇಲಿ ನಾಳೆ ಮುಂಜಾನಿ ನಾನ ಕೈಯಾರೆ ಕೀಳ್ತೀನಿ."

ಗೌಡರು ಎದೆಯ ಮೇಲೆ ಕೈಯಿಟ್ಟು ಅದನ್ನೂ ಗುಡುಗಿಯೇಬಿಟ್ಟರು.

ಹಿಂದೆ ನಿಂತಿದ್ದ ಕೇರಿಯ ಜನರ ನಡುವಿನಿಂದ ಒಂದು ಸಿಳ್ಳೆ, ಅದರ ಬೆನ್ನಿಗೆ ಕೂಗು: "ಒನ್ಸ್ ಮೋರ್!"

ಒನ್ಸ್ ಮೋರ್ ಬಿದ್ದರೆ ನಮ್ಮ ಕಡೆ ಯಾವ ನಟನೂ ಇಲ್ಲ ಅನ್ನುವುದಿಲ್ಲ. ಗೌಡರು ಮುಂದೆ ಬಂದು ಮತ್ತೊಮ್ಮೆ ಹೇಳಿದರು. ಮತ್ತೆ ಒನ್ಸ್ ಮೋರ್. ಮೂರನೆಯ ಸಲ ಕಣ್ಣೀರು ಸುರಿಸಿ ತಾವೇ ಸೇರಿಸಿದರು: "ಬೇರು ಸಮೇತ ಕೀಳ್ತೀನಿ!"

ಉಳಿದವರನ್ನು ಬಸ್ಸು ಹತ್ತಿಸಿ, ನಾನು ಆ ರಾತ್ರಿ ಹುಡುಗಿಯ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅವಳು ಎಳೆದುಕೊಂಡು ಹೋಗಿ ತೋರಿಸಿದಳು. ಗೌಡರು ಕೊಡಲಿ ಹಿಡಿದು ಬೇಲಿ ಕಡಿಯುತ್ತಿದ್ದಾರೆ, ಅವರ ತಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಾನೆ: "ನಾಟಕದಾಗ ಆಡಿದ ಮಾತಿಗೆ ಯಾರರ ಬೇಲಿ ಕೀಳ್ತಾರೇನೋ ಯಣ್ಣಾ?"

ಗೌಡರು ಮುಳ್ಳು ಎಳೆದು ಬಿಸಾಡಿ ಹೇಳಿದರು:

"ಸುಮ್ಮನಿರೋ! ಎರಡು ಒನ್ಸ್ ಮೋರ್ ಬಿದ್ದ ಮಾತೈತಿ. ಈಗ ಕೀಳ್ಲಿಲ್ಲಂದ್ರ, ಗೌಡಗ ಆ್ಯಕ್ಟಿಂಗ್ ಬರಂಗಿಲ್ಲ ಅಂತಾರ."