ಸಿಂಗಟಗೆರೆ ಮಾವನ ಮೂರು ಬಂದೂಕು

ನಮ್ಮ ಸಿಂಗಟಗೆರೆ ಸೋದರಮಾವ ಮೂರು ಬಂದೂಕು ಹೊತ್ತುಕೊಂಡು ಪೊಲೀಸ್ ಠಾಣೆಗೆ ಹೋದರು. ಮುಂದೇನಾಯಿತು, ಹೇಳಿ ನೋಡೋಣ? ಅರೆಸ್ಟ್ ಅಂತೀರಿ. ತಪ್ಪು! ಈ ಎಂಬತ್ತರ ಮನುಷ್ಯನ ಜೊತೆ ಹೋದಾಗಲೆಲ್ಲ ಇಂಥದ್ದೊಂದು ಆಗಿಯೇ ತೀರುತ್ತದೆ. ರಿಟೈರಾದ ಮೇಲೆ ನಾನು ಒಂದನ್ನೂ ತಪ್ಪಿಸಿಕೊಂಡಿಲ್ಲ.

೧. ಹಾರದ ಕೋವಿ

ಮಾವ ಹುಟ್ಟು ಬೇಟೆಗಾರ. ಕಾನೂನು ಬಂದ ಮೇಲೆ ಬೇಟೆ ಬಿಟ್ಟರು, ಬಂದೂಕು ಬಿಡಲಿಲ್ಲ. ಜೋಡುನಳಿಗೆ ಒಂದು, ಒಂಟಿನಳಿಗೆ ಒಂದು, ಅವರ ತಾತನ ಕಾಲದ, ಮದ್ದು ತುಂಬುವ ಕೇಪಿನ ಕೋವಿ ಒಂದು. ಮೂರಕ್ಕೂ ಲೈಸೆನ್ಸ್ ಉಂಟು. ಆ ಹಳೇ ಕೋವಿಯಿಂದ ಗುಂಡು ಹಾರಿ ಎಷ್ಟೋ ವರ್ಷವಾಯಿತು. ಆದರೂ ತೆಂಗಿನ ತೋಟಕ್ಕೆ ಕೋತಿ ನುಗ್ಗಿದರೆ ಮಾವ ಹಿಡಿದು ಓಡುವುದು ಅದನ್ನೇ.

"ಅದು ಹಾರಲ್ವಲ್ಲ ಮಾವ?" ಎಂದೆ.

"ಲೇ ಬಿ.ಎ. ಓದಿದೋನೇ, ಮೆತ್ತಗೆ ಮಾತಾಡೋ! ಕೋತಿಗೆ ಕೇಳಿಸೀತು!"

೨. ಬಸ್ಸಿನ ಸೀಟು

ಚುನಾವಣೆ ಬಂತು. ಅದು ಮುಗಿಯುವ ತನಕ ಬಂದೂಕುಗಳನ್ನು ಠಾಣೆಯಲ್ಲಿಡಬೇಕೆಂದು ಹುಕುಂ. ಮೂರನ್ನೂ ಕಂಬಳಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆವು. ಒಳಗೆ ಉಸಿರಾಡಲು ಜಾಗವಿಲ್ಲ.

"ಏನ್ ಯಜಮಾನ್ರೇ ಅದು, ಗುದ್ದಲಿ ಕಾವಾ?" ಎಂದ ಕಂಡಕ್ಟರ್.

"ಬಂದೂಕು ಕಣಪ್ಪಾ."

ಮೂರು ಜನರ ಸೀಟು ತಾನಾಗಿಯೇ ಖಾಲಿಯಾಯಿತು. ಮಾವ ಕೂತರು. ಪಕ್ಕದಲ್ಲಿ ಬಂದೂಕುಗಳು ಕೂತವು. ನಾನು ನಿಂತುಕೊಂಡೇ ಬಂದೆ.

೩. ಮಂಗಳಾರತಿ

ಫಲಿತಾಂಶಕ್ಕೆ ಮೊದಲೇ ಆಯುಧಪೂಜೆ ಬಂದುಬಿಟ್ಟಿತು. ಬಂದೂಕಿಗೆ ವಿಭೂತಿ ಹಚ್ಚದ ಆಯುಧಪೂಜೆ ಮಾವನ ಆಯಸ್ಸಿನಲ್ಲೇ ಇಲ್ಲ. ಬೂದುಗುಂಬಳ, ಚೆಂಡುಹೂ ಹಿಡಿದು ಠಾಣೆಗೆ ನಡೆದೆವು.

"ಎಲೆಕ್ಷನ್ ಮುಗಿಯೋ ತನಕ ಕೊಡೋಕಾಗಲ್ಲ," ಎಂದರು ಇನ್ಸ್‌ಪೆಕ್ಟರು.

"ಕೊಡಬೇಡಿ ಸ್ವಾಮಿ. ಇಲ್ಲೇ ಪೂಜೆ ಮಾಡಿ ಇಲ್ಲೇ ಬಿಟ್ಟು ಹೋಗ್ತೀನಿ."

"ಆಗಲ್ಲ ಕಣ್ರೀ."

"ಹಂಗಾದ್ರೆ ನಾನೂ ಹೋಗಲ್ಲ." ಕುಂಬಳಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತೇಬಿಟ್ಟರು.

ಅತ್ತ ಠಾಣೆಯವರೂ ಜೀಪು ತೊಳೆದು, ತಮ್ಮ ರೈಫಲ್‌ಗಳನ್ನು ಸಾಲಾಗಿ ಜೋಡಿಸಿಕೊಂಡು ಕಾಯುತ್ತಿದ್ದರು. ಹನ್ನೊಂದಾದರೂ ಪೂಜಾರಿಯ ಸುಳಿವಿಲ್ಲ. ಲಾರಿ, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ ಅಂತ ಊರೆಲ್ಲ ಅವರನ್ನು ಎಳೆದಾಡುತ್ತಿತ್ತು. ಕೊನೆಗೆ ಇನ್ಸ್‌ಪೆಕ್ಟರೇ ಬೆಂಚಿನ ಹತ್ತಿರ ಬಂದರು.

"ಯಜಮಾನ್ರೇ, ಪೂಜೆ ನೀವೇ ಮಾಡಿಬಿಡ್ತೀರಾ?"

"ಅದಕ್ಕೇನು! ಆದ್ರೆ ಪೂಜೆ ವಯಸ್ಸಿನ ಪ್ರಕಾರ. ಹಿರಿಯದು ಮೊದಲು."

ಹಿರಿಯದು ಇನ್ಯಾವುದು? ಒಳಗಿನಿಂದ ಕೇಪಿನ ಕೋವಿ ಬಂತು, ಅದರ ಹಿಂದೆ ತಮ್ಮಂದಿರಿಬ್ಬರು. ಠಾಣೆಗೆ ಠಾಣೆಯೇ ಟೋಪಿ ತೆಗೆದು, ಆ ಹಾರದ ಕೋವಿಗೆ ಕೈಮುಗಿದು ಮಂಗಳಾರತಿ ತೆಗೆದುಕೊಂಡಿತು.

ಕಾನ್‌ಸ್ಟೆಬಲ್ ಒಬ್ಬ ಭಕ್ತಿಯಿಂದ ಕೇಳಿದ: "ಇದು ಚೆನ್ನಾಗಿ ಹಾರುತ್ತಾ ತಾತ?"

"ನಮ್ಮೂರ ಕೋತಿಗಳನ್ನ ಕೇಳಪ್ಪಾ!"

ಬುರುಡೆ ಅಂತೀರಾ? ಬರೆದಿಟ್ಟುಕೊಳ್ಳಿ: ಆಶ್ವಯುಜ ಶುದ್ಧ ನವಮಿ, ಗುರುವಾರ, ಬೆಳಿಗ್ಗೆ ಹನ್ನೊಂದೂವರೆ.