ಅತ್ತೆಯ ಪುಸ್ತಕಕ್ಕೆ ಅಳಿಯನ ತಿದ್ದುಪಡಿ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಿರೀಕ್ಷಕರಾಗಿದ್ದ ನಮ್ಮ ಸಾಹೇಬರಿಗೆ ಸಹಿಸಲಾಗದ ವಸ್ತು ಈ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದು ಅವರ ಅತ್ತೆಯ ಅಡುಗೆಮನೆಯಲ್ಲಿ, ಮೈದಾ ಡಬ್ಬಿಯ ಪಕ್ಕದಲ್ಲಿ, ಮೈಯೆಲ್ಲ ಬೆಣ್ಣೆಯ ಕಲೆ ಮಾಡಿಕೊಂಡು ಕೂತಿತ್ತು. ನೀಲಿ ರಟ್ಟಿನ ಒಂದು ಪುಸ್ತಕ. ನಲವತ್ತು ವರ್ಷಗಳಿಂದ ಆ ಮನೆಯಲ್ಲಿ ಬೆಂದ ಕೇಕು, ಬಿಸ್ಕತ್ತು, ಬ್ರೆಡ್ಡುಗಳ ವಿಧಾನವೆಲ್ಲ ಅತ್ತೆಯ ದುಂಡು ಅಕ್ಷರಗಳಲ್ಲಿ ಅದರೊಳಗಿತ್ತು. ವಿಧಾನಗಳಿದ್ದವು, ಅಳತೆಗಳಿರಲಿಲ್ಲ. ಇದ್ದ ಅಳತೆಗಳೆಲ್ಲ ನೆಂಟರಿಷ್ಟರು.

‘ಬಾಳೆಹಣ್ಣಿನ ಕೇಕಿಗೆ ಹಣ್ಣು ನಾಲ್ಕು. ಸಿಪ್ಪೆಯ ಮೇಲೆ ನಮ್ಮ ದೊಡ್ಡಪ್ಪನ ಬೋಳುತಲೆಯಲ್ಲಿರುವಷ್ಟು ಚುಕ್ಕೆ ಬಿದ್ದಿರಬೇಕು’ ಎಂದು ಒಂದು ಪುಟ. ‘ಬಿಸ್ಕತ್ತಿನ ಹಿಟ್ಟು ತಂಗಿಯ ಗಂಡನ ಕಿವಿಯ ತುದಿಯಷ್ಟು ಮೆತ್ತಗಿರಬೇಕು (ಮದುವೆಯಲ್ಲಿ ಫೋಟೋ ತೆಗೆಸುವಾಗ ನಿದ್ದೆ ಹೋಗಿದ್ದರು, ನಾನೇ ಹಿಂಡಿ ಎಬ್ಬಿಸಿದ್ದು)’ ಎಂದು ಇನ್ನೊಂದು. ‘ಬ್ರೆಡ್ಡನ್ನು ಕೊಯ್ಯುವ ಮೊದಲು ನಮ್ಮಜ್ಜಿಯ ಸಿಟ್ಟು ಇಳಿಯುವಷ್ಟು ಹೊತ್ತು ಬಿಡಬೇಕು. ಅವಸರ ಮಾಡಿದವರು ಎರಡು ಕಡೆಯೂ ಕೈ ಸುಟ್ಟುಕೊಂಡಿದ್ದಾರೆ’ ಎಂದು ಮತ್ತೊಂದು.

ನಾಲ್ಕು ಜನ ನೆಂಟರು ಸೇರಿದರೆ ಸಾಕು, ಈ ಪುಸ್ತಕ ಹೊರಗೆ ಬರುತ್ತಿತ್ತು. ಒಬ್ಬರು ಓದುವುದು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವುದು, ಯಾರ ಬಗ್ಗೆ ಓದಿದರೋ ಅವರು ಎಲ್ಲರಿಗಿಂತ ಜೋರಾಗಿ ನಗುವುದು. ನಗದೆ ಕೂತಿರುತ್ತಿದ್ದವರು ಸಾಹೇಬರೊಬ್ಬರೇ. ಇದೇನಾದರೂ ಅಂಗಡಿಯಾಗಿದ್ದರೆ ಎಂದೋ ಬೀಗ ಜಡಿದು ಬರುತ್ತಿದ್ದೆ ಎಂದು ಅವರು ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಮಾವನವರು ಇದ್ದ ಕಾಲದಲ್ಲೂ ಕಚ್ಚಿಕೊಂಡಿದ್ದರು, ಅವರು ತೀರಿಕೊಂಡು ಆರು ವರ್ಷವಾದ ಮೇಲೂ ಕಚ್ಚಿಕೊಳ್ಳುತ್ತಿದ್ದರು.

ಹೀಗಿರುವಾಗ ಅತ್ತೆಯ ಎಪ್ಪತ್ತೈದನೆಯ ಹುಟ್ಟುಹಬ್ಬ ಬಂತು. ತಮ್ಮ ಹುಟ್ಟುಹಬ್ಬದ ಒಣದ್ರಾಕ್ಷಿ ಕೇಕನ್ನು ಅತ್ತೆ ಪ್ರತಿವರ್ಷ ತಾವೇ ಮಾಡಿಕೊಳ್ಳುತ್ತಿದ್ದರು, ಇನ್ನೊಬ್ಬರ ಮೇಲೆ ನಂಬಿಕೆಯಿಲ್ಲದೆ. ಈ ಸಲ ಗಟ್ಟಿಯಾಗಿ ಕೂತ ಬಾಟಲಿಯ ಮುಚ್ಚಳವೊಂದನ್ನು ತಿರುಗಿಸಲು ಹೋಗಿ ಮಣಿಕಟ್ಟು ಉಳುಕಿತು. ಡಾಕ್ಟರು ಪಟ್ಟಿ ಸುತ್ತಿ, ಮೂರು ವಾರ ಸೌಟು ಮುಟ್ಟಬಾರದೆಂದು ಅಪ್ಪಣೆ ಮಾಡಿದರು. ನೀಲಿ ಪುಸ್ತಕವೂ ಅತ್ತೆಯ ಹಳೆಯ ಓವನ್ನೂ ಮಗಳ ಮನೆಗೆ, ಅಂದರೆ ಸಾಹೇಬರ ಮನೆಗೆ, ಬಂದಿಳಿದವು.

ಸಾಹೇಬರ ಹೆಂಡತಿ ಪುಸ್ತಕವನ್ನು ಎದೆಗವಚಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದಳು.

"ರೀ, ನನ್ನ ಕೈಲಾಗಲ್ಲ. ಚಿಕ್ಕಮ್ಮ ಬರ್ತಾರೆ."

"ಬರಲಿ ಬಿಡೇ. ಊಟ ಮಾಡ್ಕೊಂಡು ಹೋಗ್ತಾರೆ."

"ನಿಮಗೇನು ಗೊತ್ತು? ಹತ್ತು ವರ್ಷದ ಹಿಂದೆ ನಾನು ಕೇಕ್ ಮಾಡಿದಾಗ ಇಪ್ಪತ್ತು ಜನರ ಮುಂದೆ, ‘ಪಾಪ, ಬಿಡು, ಎಲ್ಲರ ಕೈಗೂ ಬರಲ್ಲ’ ಅಂದ್ರು. ಬೈದಿದ್ರೂ ಬೇಜಾರಿರ್ತಿರಲಿಲ್ಲ. ಪಾಪ ಅಂದ್ರು! ಆವತ್ತಿಂದ ನಾನು ಅವರ ಮುಂದೆ ಒಂದು ಬಿಸ್ಕತ್ತೂ ಸುಟ್ಟಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಸಾಹೇಬರ ಎದೆಯಲ್ಲಿ ಪತಿಧರ್ಮವೂ ಇಲಾಖೆಯ ಧರ್ಮವೂ ಒಟ್ಟಿಗೆ ಎದ್ದು ನಿಂತವು.

"ತಪ್ಪು ನಿನ್ನದಲ್ಲ, ಈ ಪುಸ್ತಕದ್ದು," ಎಂದು ಅವರು ಘೋಷಿಸಿದರು. "ಪುಸ್ತಕ ನನಗೆ ಕೊಡು. ಗ್ರಾಂ, ನಿಮಿಷ, ಸೆಕೆಂಡಿನಲ್ಲಿ ಬರೆದುಕೊಡ್ತೀನಿ. ಆಮೇಲೆ ಕೇಕ್ ಹೇಗೆ ಕೆಡತ್ತೋ ನೋಡೋಣ."

ಒಣದ್ರಾಕ್ಷಿ ಕೇಕಿನ ಪುಟ ಹೀಗಿತ್ತು: ‘ಬೆಣ್ಣೆ ಸಕ್ಕರೆ ಸೇರಿಸಿ, ತಂಗಿ ಫೋನಿನಲ್ಲಿ ಸೊಸೆಯ ವಿಷಯ ಮುಗಿಸುವವರೆಗೆ ಒಂದೇ ಸಮನೆ ತಿರುವಬೇಕು. ಮಧ್ಯೆ ಬೇರೆ ವಿಷಯಕ್ಕೆ ಹೋದಳೆಂದು ಕೈ ನಿಲ್ಲಿಸಬಾರದು, ಮತ್ತೆ ಸೊಸೆಗೇ ಬರುತ್ತಾಳೆ. ಸಕ್ಕರೆ, ನಾನು ಆಚೆ ತಿರುಗಿದಾಗ ನಮ್ಮ ಯಜಮಾನರು ಟೀಗೆ ಹಾಕಿಕೊಳ್ಳುವಷ್ಟು, ಅದರ ಹನ್ನೆರಡು ಪಟ್ಟು. ಓವನ್ನಿನ ಬಾಗಿಲಲ್ಲಿ ಅಂಗೈ ಹಿಡಿಯಬೇಕು. ಮಗನ ಬೆಳಗಿನ ಸೀನು ಮುಗಿಯುವಷ್ಟು ಹೊತ್ತು ತಡೆದುಕೊಳ್ಳಲಾದರೆ ಕಾವು ಸರಿ.’ (ಓವನ್ನಿನ ಗುಂಡಿಯ ಮೇಲಿನ ಅಂಕಿಗಳು ಎಂದೋ ಅಳಿಸಿಹೋಗಿದ್ದುದರಿಂದ ಮಗನ ಮೂಗೇ ಗತಿಯಾಗಿತ್ತು.)

ಮರುದಿನ ಬೆಳಿಗ್ಗೆ ಆರಕ್ಕೆ ಸಾಹೇಬರು ಸ್ಟಾಪ್‌ವಾಚು ಹಿಡಿದು ಹೆಂಡತಿಯ ಅಣ್ಣನ ಮನೆ ಬಾಗಿಲು ತಟ್ಟಿದರು. ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಣ್ಣುಜ್ಜಿಕೊಳ್ಳುತ್ತ ಬಂದರು.

"ಏನು ಭಾವ, ಇಷ್ಟು ಬೆಳಿಗ್ಗೆ?"

"ಸೀನಿ," ಎಂದರು ಸಾಹೇಬರು.

"ಏನಂದ್ರಿ?"

"ದಿನಾ ಬೆಳಿಗ್ಗೆ ಸೀನ್ತೀರಲ್ಲ, ಅದನ್ನೇ ಸೀನಿ. ನಾನು ಇಲ್ಲೇ ಕೂತಿರ್ತೀನಿ."

ಮೇಷ್ಟ್ರು ಹಲ್ಲುಜ್ಜಿದರು, ಮುಖ ತೊಳೆದರು, ಕಿಟಕಿ ತೆರೆದರು, ಒಂದು ಸೀನು ಸೀನಿದರು. ಸಾಹೇಬರು ಕಾದರು. ಇನ್ನೊಂದು ಬರಲಿಲ್ಲ.

"ಅಷ್ಟೇನಾ?"

"ಅಷ್ಟೇ ಭಾವ. ಮೊದಲು ಏಳು ಬರ್ತಿತ್ತು. ಹೊಸ ಮಾತ್ರೆ ತಗೊಳ್ತಿದ್ದೀನಿ, ಆರಾಮಾಗಿದೆ."

ಸಾಹೇಬರ ನಮೂನೆಯಲ್ಲಿ ಕಾರಣ ಬರೆಯುವ ಅಂಕಣವಿರಲಿಲ್ಲ. ‘ಎರಡು ಸೆಕೆಂಡು’ ಎಂದು ಬರೆದುಕೊಂಡು, ಟೀ ಕುಡಿದು ಹೊರಟರು.

ಆಮೇಲೆ ಅತ್ತೆಯ ತಂಗಿಗೆ, ಅಂದರೆ ಚಿಕ್ಕಮ್ಮನಿಗೆ, ಫೋನು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಸಾಹೇಬರಿಗಿರಲಿಲ್ಲ.

"ಚಿಕ್ಕಮ್ಮ, ನಿಮ್ಮ ಸೊಸೆ ಹೇಗಿದ್ದಾಳೆ?"

"ಚಿನ್ನ ಕಣ್ರೀ, ಅಪ್ಪಟ ಚಿನ್ನ! ಹೋದ ವರ್ಷ ನನಗೆ ಕಾಲು ಹಿಡ್ಕೊಂಡಾಗ ಹೆತ್ತ ಮಗಳು ಕೂಡ ಹಾಗೆ ನೋಡ್ಕೊಳ್ತಿರಲಿಲ್ಲ. ಅವಳ ವಿಷಯ ಇನ್ನೇನ್ ಹೇಳಲಿ. ಈ ಪಕ್ಕದ ಮನೆಯವಳು ಇದ್ದಾಳಲ್ಲ..."

ಸಾಹೇಬರು ಅಲ್ಲಿಗೆ ಗುಂಡಿ ಒತ್ತಿದರು. ಮೂವತ್ತೆಂಟು ಸೆಕೆಂಡು. ಪಕ್ಕದ ಮನೆಯವಳ ವಿಷಯ ಐವತ್ತು ನಿಮಿಷ ನಡೆಯಿತು. ಅದು ವಿಧಾನದಲ್ಲಿ ಇಲ್ಲವಾದ್ದರಿಂದ ಲೆಕ್ಕಕ್ಕೆ ಹಿಡಿಯಲಿಲ್ಲ.

ಉಳಿದದ್ದು ಸಕ್ಕರೆ. ಮಾವನವರನ್ನು ಕರೆದು ಅಳೆಯುವಂತಿರಲಿಲ್ಲ.

"ನಿಮ್ಮಪ್ಪ ಎಷ್ಟು ಚಮಚ ಹಾಕ್ಕೊಳ್ತಿದ್ರು?"

"ಅಮ್ಮನಿಗೇ ಗೊತ್ತಾಗದ ಹಾಗೆ ಹಾಕ್ಕೊಳ್ತಿದ್ರು ಅಂದಮೇಲೆ ನನಗೆ ಹೇಗ್ರೀ ಗೊತ್ತಾಗತ್ತೆ? ಅಮ್ಮನ್ನೇ ಕೇಳಿ."

"ನಿಮ್ಮಮ್ಮನ್ನ ಕೇಳಿದ್ರೆ ಇನ್ನೊಬ್ಬ ನೆಂಟನ ಹೆಸರು ಹೇಳ್ತಾರೆ," ಎಂದರು ಸಾಹೇಬರು. ಮಾವನವರು ಮರ್ಯಾದಸ್ಥರು, ಮರ್ಯಾದಸ್ಥರು ಕದ್ದರೆ ಒಂದು ಚಮಚಕ್ಕಿಂತ ಹೆಚ್ಚು ಕದಿಯಲಾರರು ಎಂದು ತರ್ಕ ಮಾಡಿ, ಹನ್ನೆರಡು ಚಮಚವನ್ನು ತೂಗಿ, ಅರವತ್ತು ಗ್ರಾಂ ಎಂದು ನಿಗದಿಪಡಿಸಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಇಲಾಖೆಯಲ್ಲಿ ಯಾವುದೇ ತಿದ್ದುಪಡಿಯ ಚೀಟಿಯನ್ನು ಹಳೆಯ ಪುಟದ ಮೇಲೇ ಅಂಟಿಸಬೇಕೆಂಬ ನಿಯಮವಿದೆ. ಸಾಹೇಬರು ಹೊಸ ವಿಧಾನವನ್ನು ಟೈಪು ಮಾಡಿಸಿ, ಆಫೀಸಿನ ಗೋಂದು ತಂದು, ಅತ್ತೆಯ ದುಂಡು ಅಕ್ಷರಗಳ ಮೇಲೆ ನಾಲ್ಕು ಮೂಲೆಯೂ ಸರಿಯಾಗುವಂತೆ ಅಂಟಿಸಿದರು. ಕೆಳಗೆ ‘ಪರಿಶೀಲಿಸಿದೆ’ ಎಂದು ಸಹಿ, ತಾರೀಖು.

ಶನಿವಾರ ಬೆಳಿಗ್ಗೆ ಹೆಂಡತಿ ಚೀಟಿಯ ಪ್ರಕಾರ ಚಾಚೂ ತಪ್ಪದೆ ಕೇಕ್ ಮಾಡಿದಳು. ಮೂವತ್ತೆಂಟು ಸೆಕೆಂಡು ತಿರುವಿದಳು. ಎರಡು ಸೆಕೆಂಡಿಗೆ ಅಂಗೈ ಚುರುಗುಟ್ಟುವಷ್ಟು ಓವನ್ ಕಾಯಿಸಿದಳು. ಮುಕ್ಕಾಲು ಗಂಟೆಯ ನಂತರ ಅಚ್ಚನ್ನು ಕವುಚಿದಾಗ ಮೇಜಿನ ಮೇಲೆ ಧಡ್ಡೆಂದು ಶಬ್ದವಾಯಿತು. ಮೇಲೆ ಇದ್ದಿಲು, ಒಳಗೆ ಜೇಡಿಮಣ್ಣು.

ಸಾಹೇಬರು ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. "ತೂಕ ಸರಿಯಾಗಿದೆ," ಎಂದರು ಕೊನೆಗೆ.

"ನಾಳೆ ಇಪ್ಪತ್ತು ಜನ ಬರ್ತಾರೆ," ಎಂದಳು ಹೆಂಡತಿ. "ಹಳೇ ಪುಟ ತೆಗೀರಿ. ಅಮ್ಮ ಬರೆದ ಹಾಗೇ ಮಾಡ್ತೀನಿ."

ಸಾಹೇಬರು ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಆಫೀಸಿನ ಗೋಂದು, ಕಳ್ಳವ್ಯಾಪಾರಿಗಳಿಗೂ ಬಗ್ಗದ ಗೋಂದು. ಎಳೆದರು. ಚೀಟಿಯೂ ಬಂತು, ಅದರ ಬೆನ್ನಿಗೆ ಕಚ್ಚಿಕೊಂಡು ಅತ್ತೆಯ ಅಕ್ಷರಗಳೂ ಚಿಂದಿಯಾಗಿ ಬಂದವು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸರಿಯಾಗಿ ಆ ಹೊತ್ತಿಗೆ ಅತ್ತೆ ಪಟ್ಟಿ ಸುತ್ತಿದ ಕೈಯನ್ನು ಎದೆಗೊರಗಿಸಿಕೊಂಡು ಒಳಗೆ ಬಂದರು. ಕೇಕನ್ನು ನೋಡಿದರು, ಮಗಳನ್ನು ನೋಡಿದರು, ಹರಿದ ಪುಟವನ್ನು ನೋಡಿದರು. ಕನ್ನಡಕ ಏರಿಸಿ, ಅಳಿಯನ ಕೈಯಲ್ಲಿದ್ದ ಚೀಟಿಯನ್ನು ಈಸಿಕೊಂಡು ಓದಿದರು.

"ಸಕ್ಕರೆ ಅರವತ್ತು ಗ್ರಾಂ. ಇದನ್ನ ಯಾರು ಅಳೆದಿದ್ದು?"

"ನಾನೇ ಅತ್ತೆ. ಅಂದಾಜಿನ ಮೇಲೆ."

"ಅವರು ನಾಲ್ಕು ಚಮಚ ಹಾಕ್ಕೊಳ್ತಿದ್ರು, ಅದೂ ಗೋಪುರ ಕಟ್ಟಿದ ಹಾಗೆ. ನಾನು ಆಚೆ ತಿರುಗ್ತಿದ್ದದ್ದೇ ಅದಕ್ಕೆ," ಎಂದರು ಅತ್ತೆ. ಆಮೇಲೆ ಹರಿದ ಪುಟವನ್ನು ಒಳ್ಳೆಯ ಕೈಯಿಂದ ಒಮ್ಮೆ ಸವರಿದರು.

ಸಾಹೇಬರಿಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ತಾವು ಗೋಂದು ಹಚ್ಚಿ ಮುಚ್ಚಿದ್ದು ಮಾವನವರನ್ನೇ ಎಂದು ಅವರಿಗೆ ಆಗ ಹೊಳೆಯಿತು. "ತಪ್ಪಾಯ್ತು ಅತ್ತೆ. ಆ ಸಾಲನ್ನ ಮೊದಲಿದ್ದ ಹಾಗೇ ಬರೆಸಿ," ಎಂದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಒಂದು ಸಹಿಯನ್ನು ಹಿಂದಕ್ಕೆ ಪಡೆದದ್ದು ಅದೇ ಮೊದಲು.

"ಬರೆಸೋಣ ಬಿಡಿ, ನನಗೆ ಬಾಯಿಪಾಠ ಇದೆ. ಮೊದಲು ಕೇಕ್ ಆಗಲಿ," ಎಂದು ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಸೀನಿನ ಕಥೆ, ಸೊಸೆಯ ಕಥೆ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. "ಅವನು ಮಾತ್ರೆ ನುಂಗ್ತಾನೆ, ಇವಳು ಸೊಸೆ ಜೊತೆ ರಾಜಿಯಾಗಿದ್ದಾಳೆ. ಎಲ್ಲರೂ ಸುಧಾರಿಸಿಬಿಟ್ರೆ ನನ್ನ ಕೇಕಿನ ಗತಿಯೇನು?"

ಮಗಳು ಗೋಪುರ ಕಟ್ಟಿದ ಚಮಚದಲ್ಲಿ ಸಕ್ಕರೆ ಎಣಿಸಿ ಹಾಕಿದಳು. ಬೆಣ್ಣೆ ತಿರುವತೊಡಗಿದಳು. ಅರ್ಧ ನಿಮಿಷಕ್ಕೆ ಕೈ ನಿಲ್ಲಿಸಿ, "ಆಯ್ತೇನಮ್ಮಾ?" ಎಂದಳು. ಮತ್ತೆ ತಿರುವಿ, ಮತ್ತೆ ನಿಲ್ಲಿಸಿದಳು.

"ಇದೇ ನಿನ್ನ ರೋಗ," ಎಂದರು ಅತ್ತೆ. "ಚಿಕ್ಕಂದಿನಿಂದ ಹೀಗೇ, ನಿಮಿಷಕ್ಕೊಂದು ಸಲ ಬಟ್ಟಲು ನೋಡ್ತೀಯ. ಕೈ ತಿರುಗ್ತಿರಬೇಕು ಅಂದ್ರೆ ಕಿವಿ ಬೇರೆ ಕಡೆ ಇರಬೇಕು ಕಣೇ. ಅದಕ್ಕೇ ನಾನು ಫೋನ್ ಹಿಡ್ಕೊಳ್ತಿದ್ದದ್ದು." ಅವರು ಅಡುಗೆಮನೆಯನ್ನೆಲ್ಲ ಒಮ್ಮೆ ನೋಡಿದರು. ಅಲ್ಲಿದ್ದವರು ಸಾಹೇಬರೊಬ್ಬರೇ.

"ಅಳಿಯಂದ್ರೇ, ನಿಮ್ಮ ಆಫೀಸಿನಲ್ಲಿ ತಕ್ಕಡಿ ಪರೀಕ್ಷೆ ಹೇಗೆ ಮಾಡ್ತೀರಿ?"

ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಆ ಕುಟುಂಬದ ಒಬ್ಬರೂ ಕೇಳದ ಪ್ರಶ್ನೆ! ಸಾಹೇಬರ ಕಿವಿ ಕೆಂಪಾಯಿತು, ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೊದಲನೆಯದಾಗಿ ಮೇಜು. ಮೇಜು ಸಮತಟ್ಟಾಗಿದೆಯೋ ಇಲ್ಲವೋ ನೋಡಬೇಕು. ಅದಕ್ಕೆ ನೀರಿನ ಗುಳ್ಳೆಯ ಪಟ್ಟಿ. ಆಮೇಲೆ ಬರಿದಾದ ತಟ್ಟೆಗಳು, ಆಮೇಲೆ ಮುಳ್ಳು, ಆಮೇಲೆ ತೂಕದ ಬೊಟ್ಟುಗಳು, ಸಣ್ಣ ಬೊಟ್ಟಿನಿಂದ ದೊಡ್ಡ ಬೊಟ್ಟಿನವರೆಗೆ, ಆಮೇಲೆ ಅದೇ ಬೊಟ್ಟುಗಳನ್ನು ತಟ್ಟೆ ಬದಲಾಯಿಸಿ. ನಡುವೆ ಮೀನಿನಂಗಡಿಯವನು ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿಟ್ಟ ಪ್ರಸಂಗವನ್ನೂ ಸವಿಸ್ತಾರವಾಗಿ ಹೇಳಿದರು. ಅತ್ತೆ ತಲೆದೂಗಿದರು. ಹೆಂಡತಿ ಮೊದಲು ಕಿಟಕಿಯ ಕಡೆ ನೋಡಿದಳು, ಆಮೇಲೆ ಎಲ್ಲಿಯೂ ನೋಡಲಿಲ್ಲ. ಅವಳ ಕೈ ಮಾತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು.

"ಈಗ ಮುದ್ರೆ," ಎಂದರು ಸಾಹೇಬರು ಕಳೆಯೇರಿ. "ಮುದ್ರೆಯಲ್ಲಿ ಮೂರು ಬಗೆ..."

"ಸಾಕು," ಎಂದರು ಅತ್ತೆ.

ಬಟ್ಟಲಿನಲ್ಲಿ ಬೆಣ್ಣೆ ಬೆಳ್ಳಗೆ, ಹಗುರಾಗಿ ಉಬ್ಬಿ ನಿಂತಿತ್ತು.

"ಮುದ್ರೆಯ ವಿಷಯ ಬಹಳ ಮುಖ್ಯ ಅತ್ತೆ."

"ಇರಲಿ ಬಿಡಿ. ಮೊಟ್ಟೆಗೆ ಹೊತ್ತಾಯ್ತು," ಎಂದರು ಅತ್ತೆ. ಮಗಳು ಓವನ್ನಿನ ಬಾಗಿಲಲ್ಲಿ ಅಂಗೈ ಹಿಡಿದಳು. ಅತ್ತೆ ಮಗನ ಹಳೆಯ ಏಳು ಸೀನುಗಳನ್ನು ತಾವೇ ಸೀನಿ ತೋರಿಸಿದರು. ಕೇಕ್ ಬೇಯುತ್ತಿದ್ದಾಗ, ಬೇಡದ ಕಡೆ ನಿಂತಿದ್ದ ಸಾಹೇಬರನ್ನು ಮೇಣದಬತ್ತಿ ತರಲು ಅಂಗಡಿಗೆ ಓಡಿಸಿ, ತಾಯಿ ಮಗಳು ಹೊಸ ಪುಟ ಬರೆಯಲು ಕೂತರು.

ಭಾನುವಾರ ಇಪ್ಪತ್ತು ಜನರೂ ಬಂದರು. ಚಿಕ್ಕಮ್ಮ ಮೊದಲ ತುಂಡನ್ನು ಬಾಯಿಗಿಟ್ಟು ಮಾತು ನಿಲ್ಲಿಸಿದರು. ಎರಡನೆಯ ತುಂಡು ಕೇಳಿ ಹಾಕಿಸಿಕೊಂಡರು. ಮೂರನೆಯದನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಸೇರಿಸಿದರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ, "ಏನೇ ಇದು! ಅಕ್ಕನ ಕೈ ನಿನಗೇ ಬಂದುಬಿಟ್ಟಿದೆಯಲ್ಲೇ!" ಎಂದರು. ಸಾಹೇಬರ ಹೆಂಡತಿ ಹತ್ತು ವರ್ಷದ ಭಾರ ಇಳಿಸಿದವಳಂತೆ ಉಸಿರುಬಿಟ್ಟು ನಕ್ಕಳು. ಅವಳ ಆ ನಗು ಕಂಡು ಸಾಹೇಬರಿಗೂ ಕಣ್ಣು ತುಂಬಿ ಬಂತು.

"ಬೆಣ್ಣೆ ಎಷ್ಟು ಹೊತ್ತು ತಿರುವಿದೆ? ನನ್ನದು ಈಚೆಗೆ ಯಾಕೋ ಗಟ್ಟಿಯಾಗತ್ತೆ," ಎಂದರು ಚಿಕ್ಕಮ್ಮ.

ಹೆಂಡತಿ ನೀಲಿ ಪುಸ್ತಕ ತೆರೆದು, ಎದ್ದು ನಿಂತು ಓದಿದಳು. "ಬೆಣ್ಣೆ ಸಕ್ಕರೆ ಸೇರಿಸಿ, ಅಳಿಯಂದಿರು ತಕ್ಕಡಿ ಪರೀಕ್ಷೆ ವಿವರಿಸುತ್ತ ಮುದ್ರೆಯ ಹತ್ತಿರ ಬರುವವರೆಗೆ ತಿರುವಬೇಕು. ಮಧ್ಯೆ ಮೀನಿನಂಗಡಿಗೆ ಹೋದರೂ ಕೈ ನಿಲ್ಲಿಸಬಾರದು. ಉಳಿದವರು ಬದಲಾಗುತ್ತಾರೆ, ಈ ಅಳತೆ ಬದಲಾಗುವುದಿಲ್ಲ."

ಇಪ್ಪತ್ತು ಜನರೂ ಹೊಟ್ಟೆ ಹಿಡಿದುಕೊಂಡರು. ಡ್ರಾಯಿಂಗ್ ಮೇಷ್ಟ್ರು ನಕ್ಕು ನಕ್ಕು ಮಾತ್ರೆಗೂ ಬಗ್ಗದೆ ಎರಡು ಸೀನು ಸೀನಿದರು. ಇಂಥ ಅಳತೆಗೆ ಇಲಾಖೆಯ ಮಾನ್ಯತೆ ಇಲ್ಲವೆಂದು ಆಕ್ಷೇಪ ಎತ್ತಲು ಸಾಹೇಬರು ಬಾಯಿ ತೆರೆದರು. ಹೊರಬಂದದ್ದು ನಗು.

ಬುಧವಾರ ಸಂಜೆ ಅವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ಫೋನು ಬಂತು. ಚಿಕ್ಕಮ್ಮ.

"ಅಳಿಯಂದ್ರೇ, ಆ ತಕ್ಕಡಿ ವಿಷಯ ಸ್ವಲ್ಪ ಹೇಳಿ. ಸೊಸೆಯೂ ಇಲ್ಲೇ ಇದ್ದಾಳೆ, ಕೇಳಬೇಕಂತೆ."

ಆ ಕಡೆ ಬಟ್ಟಲಿಗೆ ಸೌಟು ತಾಗುವ ಶಬ್ದ ಸಾಹೇಬರಿಗೆ ಸ್ಪಷ್ಟವಾಗಿ ಕೇಳಿಸಿತು. ಗೊತ್ತಿದ್ದೂ ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಮೇಜು ಹೇಳಿದರು, ತಟ್ಟೆ ಹೇಳಿದರು, ಮುಳ್ಳು ಹೇಳಿದರು, ಅಯಸ್ಕಾಂತ ಹೇಳಿದರು. "ಈಗ ಮುದ್ರೆ ಚಿಕ್ಕಮ್ಮ. ಅದರಲ್ಲಿ ಮೂರು ಬಗೆ..."

"ಆಯ್ತು, ಆಯ್ತು, ಉಬ್ಬಿತು! ಇಡ್ತೀನಿ!" ಎಂದರು ಚಿಕ್ಕಮ್ಮ. ಫೋನು ಕಟ್ಟಾಯಿತು.

ಸಾಹೇಬರು ಒಂದೇ ಕಾಲಿಗೆ ಶೂ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಮೂರು ಬಗೆ ಇದೆ ಕಣೇ," ಎಂದರು ದೀನರಾಗಿ. "ಒಬ್ಬರೂ ಮೊದಲನೆಯದನ್ನೂ ಕೇಳಲ್ಲ."

ಹೆಂಡತಿ ತಿರುಗಿ ನೋಡಿದಳು. ಅವಳಿಗೆ ನಿಜವಾಗಿಯೂ ಕನಿಕರವಾಯಿತು.

"ಬೇಜಾರು ಮಾಡ್ಕೊಬೇಡಿ. ಭಾನುವಾರ ಬನ್ ಮಾಡ್ತೀನಿ, ಆಗ ಪೂರ್ತಿ ಹೇಳೋರಂತೆ," ಎಂದಳು. "ಹಿಟ್ಟು ಉಬ್ಬೋಕೆ ಎರಡು ಗಂಟೆ ಬೇಕು."