ಹೆಣ್ಣು ನೋಡುವ ಶಾಸ್ತ್ರದಲ್ಲಿ ಒರೂನ್

ಹಿತ್ತಲಿನ ಕಟ್ಟೆಯ ಮೇಲೆ ಮೆಟ್ಟುಕತ್ತಿ ಹಿಡಿದು ಬಂಗುಡೆ ಕೊಯ್ಯುತ್ತಾ ಕುಳಿತಿದ್ದೆ. ಗೇಟು ಢಬಾರೆಂದಿತು. ಅಂಗಡಿಯಲ್ಲಿರಬೇಕಾದ ಅಣ್ಣಯ್ಯ ಏದುಸಿರು ಬಿಡುತ್ತಾ ಓಡಿ ಬಂದ.

“ಹೆಣೆ, ಅವ ಸಾಯ್ಲಿಲ್ಲ! ಬದ್ಕಿದ್ದ!”

ಹಿಂದಿನ ದಿನವಷ್ಟೇ ಪಕ್ಕದ ಮನೆಯ ಅಜ್ಜಯ್ಯನನ್ನು ಆಸ್ಪತ್ರೆಗೆ ಸೇರಿಸಿದ್ದರು. ನಾನು ಮೀನಿನ ಕೈಯಲ್ಲೇ ಹಟ್ಟಿಯಂಗಡಿ ಗಣಪತಿಗೆ ಕೈ ಮುಗಿದೆ. “ಅಬ್ಬ! ಗಂಜಿ ಕುಡಿದ್ರಂಬ್ರಾ?”

“ಗಂಜಿಯಾ? ಎಂತ ಹೇಳ್ತೆ ಮಾರಾಯ್ತಿ? ಒರೂನ್! ಒರೂನ್ ಬದ್ಕಿದ್ದ! ಸೂರ್ಯನ್ ಒಳ್ಗೆ ಬೀಳ್ಲೇ ಇಲ್ಲಂಬ್ರ್. ಒಂದ್ ಚಂದ್ರನ್ ಮೇಲೆ ಅಡಗಿ ಕೂಕಂಡಿದ್ದ!”

ಬೆರಳು ಕತ್ತಿಗೆ ಹೋಗಲಿಲ್ಲ, ದೇವರ ದಯೆ. ನಾನು ಬಾಯಿ ಬಿಟ್ಟು ಕುಳಿತ ಹೊತ್ತಿಗೆ ಬೆಕ್ಕು ಬಂಗುಡೆ ಎಳೆದುಕೊಂಡು ಹೋಯಿತು. ಒಂದೇ ಒಂದು. ಅದೂ ದೇವರ ದಯೆಯೇ.

ನಮ್ಮ ಅಣ್ಣಯ್ಯ ಈ ಲೋಕದವನಲ್ಲ. ಹೀಗೆಂದರೆ ನೀವು ಯಾರೋ ಸಾಧುಸಂತರು ಎಂದುಕೊಂಡೀರಿ! ಅವನ ರೇಷನ್ ಕಾರ್ಡು ಕುಂದಾಪುರದ್ದೇ, ಊಟ ನಮ್ಮ ಮನೆಯದ್ದೇ, ಬಸ್‌ಸ್ಟ್ಯಾಂಡಿನ ಹತ್ತಿರ ಟಿ.ವಿ. ರಿಪೇರಿ ಅಂಗಡಿಯೂ ಇದೆ. ಮನಸ್ಸು ಮಾತ್ರ ನಕ್ಷತ್ರಗಳ ನಡುವೆ ಎಲ್ಲೋ ಹಡಗು ಓಡಿಸಿಕೊಂಡಿರುತ್ತದೆ.

ಬೊಂಬಾಯಿಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದವನು ತೊಂಬತ್ತೇಳರಲ್ಲಿ ಊರಿಗೆ ಬಂದ. ಬೊಂಬಾಯಿಯಿಂದ ಬಂದವರು ಸೀರೆ ತರುತ್ತಾರೆ, ಸೆಂಟು ತರುತ್ತಾರೆ. ಇವನು ತಂದದ್ದು ಒಂದು ಚೀಲ ವಿಡಿಯೋ ಕ್ಯಾಸೆಟ್ಟು! ಎಲ್ಲವೂ ಒಂದೇ ಕಥೆಯ ಭಾಗಗಳು. ಪರದೇಶದವರು ಮಾಡಿದ್ದು. ಒರೂನ್ ಎಂಬ ಕುರುಡ ಮುದಿ ಕಪ್ತಾನ, ಅವನ ಆಕಾಶದ ಹಡಗು. ಅವನಿಗೆ ವೈರಿಯಾಗಿ ಕೆಲ್ವಾ ಎಂಬ ರಾಣಿ, ಕಾಲವನ್ನೇ ತಡೆದು ನಿಲ್ಲಿಸುವವಳು. ಒರೂನನೋ, ನಕ್ಷತ್ರದ ಬೆಂಕಿಯನ್ನೇ ಅಂಗೈಯಲ್ಲಿ ಆಚೆ ತಳ್ಳುವವನು. ಇಬ್ಬರಲ್ಲಿ ಯಾರು ಹೆಚ್ಚು? ಲೋಕದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಅಣ್ಣಯ್ಯನಿಗೆ ಇರಲಿಲ್ಲ.

ರಿಪೇರಿಯಾದ ಟಿ.ವಿ.ಯನ್ನು ಪರೀಕ್ಷೆ ಮಾಡಲು ಅವನು ಹಾಕುತ್ತಿದ್ದದ್ದು ಒರೂನನ ಸಿನೆಮಾವನ್ನೇ. ಟಿ.ವಿ. ಬೇಕಾದವರು ಮೊದಲ ಭಾಗ ನೋಡಿಯೇ ಹೋಗಬೇಕು! ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು ಖಾಲಿ ಬುಟ್ಟಿ ಪಕ್ಕಕ್ಕಿಟ್ಟು ಪೂರ್ತಿ ನೋಡಿದಳಂತೆ. ಎದ್ದು ಸೆರಗು ಕೊಡವಿ ಕೇಳಿದಳಂತೆ, “ಅಲ್ಲ ಮಾರ್ರೆ, ಬೆಂಕಿ ದೂಡುವಷ್ಟ್ ಶಕ್ತಿ ಇದ್ದವ್ನಿಗೆ ಒಂದ್ ಕನ್ನಡಕ ಮಾಡಿಸ್ಕಂಬುಕೆ ಆಯ್ಲಿಲ್ಯಾ?”

ಅಣ್ಣಯ್ಯ ಆ ದಿನ ಅಂಗಡಿ ಬೇಗ ಮುಚ್ಚಿದ.

ಆಮೇಲೆ ಸಿನೆಮಾದ ಮೂರನೇ ಭಾಗ ಬಂತು. ಅದರ ಕೊನೆಯಲ್ಲಿ ಕೆಲ್ವಾ ರಾಣಿ ಕಾಲ ನಿಲ್ಲಿಸಿ ಒರೂನನನ್ನು ಹಡಗು ಸಮೇತ ಒಂದು ಸೂರ್ಯನೊಳಗೆ ಬೀಳಿಸಿದಳು. ಅಣ್ಣಯ್ಯ ಮನೆಗೆ ಬಂದವನೇ ಸೀದಾ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡ. ಮೀನು ಮುಟ್ಟಲಿಲ್ಲ, ಗಡ್ಡ ತೆಗೆಯಲಿಲ್ಲ. ಬೇಲಿಯಾಚೆಯ ಅಜ್ಜಯ್ಯ ಇದನ್ನೆಲ್ಲ ಕಂಡು ಪಾಪ, ಮಾತಾಡಿಸಲು ಬಂದರು.

“ಯಾರ್ ಹೋದ್ದ್ ಮಾಣಿ?”

“ಒರೂನ್.”

“ಬೊಂಬಾಯಿಯವ್ರಾ?”

“ಅಲ್ಲ ಅಜ್ಜಯ್ಯ. ಅದ್ಕಿಂತ ದೂರ.”

“ದುಬಾಯಿಯಾ? ಹೆಣ ಊರಿಗ್ ತತ್ತ್ರಾ?”

ನಾನು ಒಳಗೆ ಓಡಿ ಹೋಗಿ ಬಾಯಿಗೆ ಸೆರಗು ತುಂಬಿಕೊಂಡೆ. ಸೂತಕ ನಮಗೆ ತಾಗುವುದಿಲ್ಲವಲ್ಲ ಎಂದು ದೇವರ ದೀಪ ಮಾತ್ರ ತಪ್ಪಿಸಲಿಲ್ಲ.

ಆಮೇಲೆ ಕುಂದಾಪುರಕ್ಕೆ ಸೈಬರ್ ಸೆಂಟರು ಬಂತು ನೋಡಿ, ಕಥೆ ಮತ್ತೂ ಕೆಟ್ಟಿತು! ಅವನಂಥವರು ಅಮೆರಿಕದಲ್ಲೂ ಇದ್ದಾರಂತೆ. ಹಗಲೆಲ್ಲ ಅವರೊಡನೆ ಕಂಪ್ಯೂಟರಿನಲ್ಲಿ ಜಗಳ. ಸಿನೆಮಾದಲ್ಲಿ ಒರೂನ್ ಯುದ್ಧದಲ್ಲಿ ಕಣ್ಣು ಕಳಕೊಂಡವನು. ಕಾರ್ಟೂನಿನಲ್ಲಿ ಹುಟ್ಟು ಕುರುಡ. ಚಿತ್ರಪುಸ್ತಕದಲ್ಲಿ ಒಂದು ಕಣ್ಣು ಸ್ವಲ್ಪ ಕಾಣುತ್ತದೆ! ಇದರಲ್ಲಿ ಯಾವುದು ಸತ್ಯ? ಅಮೆರಿಕದವನೊಬ್ಬ ಸಿನೆಮಾದ್ದು ಮಾತ್ರ ಸತ್ಯ, ಬೇರೆಲ್ಲ ಲೆಕ್ಕಕ್ಕಿಲ್ಲ ಎಂದನಂತೆ. ಧೈರ್ಯವಿದ್ದರೆ ಕುಂದಾಪುರಕ್ಕೆ ಬಾ ಎಂದು ಅಣ್ಣಯ್ಯ ಬರೆದ. ಬರಲಿಲ್ಲ. ಬಂದಿದ್ದರೆ ಅವನಿಗೂ ನಾನೇ ಅನ್ನ ಹಾಕಬೇಕಿತ್ತು. ಇದೊಂದು ದಯೆ ಎಂದು ಲೆಕ್ಕಕ್ಕೆ ಹಿಡಿದೆ.

ನಗುವುದೆಲ್ಲ ಸರಿ. ಆದರೆ ಈ ಒರೂನನ ದೆಸೆಯಿಂದ ಅಣ್ಣಯ್ಯನಿಗೆ ಮದುವೆಯೇ ಆಗಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಗುಲ್ವಾಡಿಯ ಹುಡುಗಿಯ ಮನೆಯವರಿಗೆ ಎರಡನೇ ಭಾಗದ ಕಥೆ ಹೇಳಿ ಮುಗಿಸುವಾಗ ಕಡೆಯ ಬಸ್ಸು ತಪ್ಪಿತ್ತು, ಸಂಬಂಧವೂ ತಪ್ಪಿತು. ಬೈಂದೂರಿನ ಹುಡುಗಿಯನ್ನು ಇವನು ಕೇಳಿದ್ದೇನು ಗೊತ್ತೇ? “ಕಾಲ ನಿಲ್ಲಿಸೋ ಶಕ್ತಿ ನಿಮ್ಗೆ ಇದ್ದಿರೆ ಎಂತ ಮಾಡ್ತಿದ್ರಿ?”

ಅವಳು ಕಣ್ಣೆತ್ತದೆ ಹೇಳಿದಳು, “ನೀವ್ ಬಪ್ಪುಕಿಂತ ಮುಂಚೆ ನಿಲ್ಲಿಸ್ತಿದ್ದೆ.”

ಇಂಥವನಿಗೆ ಬ್ರಹ್ಮಾವರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮೂವತ್ತಾರರ ಹುಡುಗಿ, ಅಂಗನವಾಡಿಯಲ್ಲಿ ಟೀಚರ್. ಬಂದ ಗಂಡುಗಳನ್ನೆಲ್ಲ ಅವಳೇ ಬೇಡವೆಂದಿದ್ದಳಂತೆ. ಹೋಗುವುದು ಯಾವಾಗ? ಒರೂನ್ ಬದುಕಿದ ಸುದ್ದಿ ಬಂದ ಮರುದಿನವೇ! ಬಂಗುಡೆ ಹೋದರೂ ನಾನು ಏಕೆ ಬಾಯಿ ಬಿಟ್ಟು ಕುಳಿತೆ ಎಂದು ಈಗ ಗೊತ್ತಾಯಿತಲ್ಲ? ಒರೂನ್ ಸತ್ತವನು ಸತ್ತ ಹಾಗೇ ಇದ್ದಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಬದುಕಿ ಬಂದ ಮೇಲೆ ಅವನೂ ನಮ್ಮ ಜೊತೆ ಹೆಣ್ಣು ನೋಡಲು ಹೊರಡುತ್ತಾನಲ್ಲ!

ಕೈ ತೊಳೆದು ಅಣ್ಣಯ್ಯನನ್ನು ದೇವರ ಮುಂದೆ ಎಳೆದುಕೊಂಡು ಹೋದೆ. “ನಾಳೆ ಒರೂನನ ಸುದ್ದಿ ತೆಗೆತಿಲ್ಲೆ ಅಂದ್ ಆಣೆ ಹಾಕ್.”

“ನಾನಾಯಿ ತೆಗೆತಿಲ್ಲೆ,” ಎಂದ.

‘ನಾನಾಯಿ’ ಎಂದರೆ ತಾನಾಗಿಯೇ ತೆಗೆಯುವುದಿಲ್ಲ ಎಂದಷ್ಟೇ; ಅದರ ಮೇಲೆ ನಾನು ಆಗಲೇ ಗಮನ ಕೊಡಬೇಕಿತ್ತು.

ಮರುದಿನ ಅಣ್ಣಯ್ಯ, ನಾನು, ನಮ್ಮನೆಯವರು ಮೂವರೂ ಹೋದೆವು. ಚಾವಡಿಯಲ್ಲಿ ಹುಡುಗಿಯ ಅಣ್ಣ ಕುರ್ಚಿ ಹಾಕಿದ. ಮೂಲೆಯ ಮಂಚದ ಮೇಲೆ ಹುಡುಗಿಯ ಅಪ್ಪಯ್ಯ ಗೋಡೆ ನೋಡುತ್ತಾ ಕುಳಿತಿದ್ದರು. ನಮಸ್ಕಾರ ಎಂದರೆ ತಲೆಯಾಡಿಸಿದರು, ಅಷ್ಟೇ.

“ಅಪ್ಪಯ್ಯ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ರ್,” ಎಂದ ಆ ಅಣ್ಣ. “ಸುತ್ತ ಊರಲ್ಲಿ ಹೆಸ್ರಿತ್ತ್. ಅಮ್ಮ ಹೋದ್ಮೇಲೆ ಎಲ್ಲ ಬಿಟ್ರ್. ಮಾತೂ ಕಡ್ಮಿ. ನೀವ್ ಬೇಜಾರ್ ಮಾಡ್ಕಣ್ಬೇಡಿ.”

ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಬರೀ ಮಾತಿನಲ್ಲಿ ಯುದ್ಧ ಗೆಲ್ಲುತ್ತಿದ್ದವರು ಹೀಗೆ ಗೋಡೆ ನೋಡುತ್ತಾ ಕುಳಿತಿದ್ದಾರಲ್ಲ ಎಂದು ಸಂಕಟವಾಯಿತು. ಹುಡುಗಿ ಗೋಳಿಬಜೆ, ಕಾಫಿ ತಂದಿಟ್ಟಳು. ಮುಖದಲ್ಲಿ ನಾಚಿಕೆಗಿಂತ ದಣಿವು ಹೆಚ್ಚಿತ್ತು. ಅಣ್ಣಯ್ಯ ಬಾಯಿಗೆ ಬೀಗ ಹಾಕಿಕೊಂಡು ಗೋಳಿಬಜೆ ತಿಂದ. ಮಳೆಯ ಬಗ್ಗೆ ಮಾತಾಯಿತು, ಹೈವೇ ಬಗ್ಗೆ ಮಾತಾಯಿತು. ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಹುಡುಗಿಯ ಅಣ್ಣ ಕೇಳಿಯೇಬಿಟ್ಟ.

“ಅಂಗಡಿ ಬಿಟ್ರೆ ನಿಮ್ಗೆ ಬೇರೆ ಎಂತ ಆಸಕ್ತಿ?”

ನಾನು ಅಣ್ಣಯ್ಯನ ಕಾಲು ತುಳಿದೆ. ನಮ್ಮನೆಯವರು ಇನ್ನೊಂದು ಕಾಲು ತುಳಿದರು. ಎರಡೂ ಕಾಲು ನಮ್ಮ ವಶದಲ್ಲಿದ್ದವು. ಆದರೆ ಬಾಯಿ?

“ಒಂದ್ ಕಥೆ ಇತ್ತ್,” ಎಂದು ಶುರುಮಾಡಿದ!

ಮುಗಿಯಿತು! ನಾನು ಮನಸ್ಸಿನಲ್ಲೇ ಗಣಪತಿಯ ಹೆಸರು ಹೇಳತೊಡಗಿದೆ. ಅಣ್ಣಯ್ಯ ಹಡಗು ಹತ್ತಿದ. ಬೆಂಕಿ ತಳ್ಳಿದ. ಕೆಲ್ವಾ ರಾಣಿ ಉಸಿರು ಬಿಗಿಹಿಡಿದಷ್ಟು ಹೊತ್ತು ಕಾಲ ನಿಲ್ಲುತ್ತದೆ ಎಂದ. ಸಿನೆಮಾದಲ್ಲಿ ಅವಳ ಕೈಯಲ್ಲಿ ಸತ್ತ ಒರೂನ್, ಹೊಸ ಪುಸ್ತಕದಲ್ಲಿ ತಪ್ಪಿಸಿಕೊಂಡು ಬದುಕಿದ್ದಾನೆ ಎಂದ. ಹುಡುಗಿಯ ಅಣ್ಣ ಗಡಿಯಾರ ನೋಡಿದ. ಹುಡುಗಿ ಕಾಫಿ ಲೋಟ ಒಟ್ಟು ಮಾಡತೊಡಗಿದಳು.

ಆಗ ಮೂಲೆಯಿಂದ ಒಂದು ದನಿ ಬಂತು. ತುಕ್ಕು ಹಿಡಿದ ಕೀಲಿನ ಹಾಗೆ.

“ಅವಳಿಗೆ ಆ ವರ ಕೊಟ್ಟವರು ಯಾರು?”

ಎಲ್ಲರೂ ತಿರುಗಿದೆವು. ಮಂಚದ ಮೇಲಿನ ಆ ಅಜ್ಜರು ಗೋಡೆ ಬಿಟ್ಟು ಅಣ್ಣಯ್ಯನನ್ನು ನೋಡುತ್ತಿದ್ದರು.

“ವರ ಅಲ್ಲ,” ಅಣ್ಣಯ್ಯ ತಡವರಿಸಿದ. “ಹುಟ್ಟಿನಿಂದ್ಲೇ ಬಂದದ್ದ್.”

“ಹಾಗಾದರೆ ಶಾಪವೂ ಇಲ್ಲ. ತೆಗೆಯುವವರೂ ಇಲ್ಲ. ಮತ್ತೆ ಅವಳನ್ನು ಗೆಲ್ಲುವುದು ಹೇಗೆ? ನಾನು ಅವಳ ಅರ್ಥ ಹೇಳುತ್ತೇನೆ. ನೀವು ಅವನದ್ದು ಹೇಳಿ.”

ಏನಂದರು? ಕೇಳಿದಿರಾ? ಹೆಣ್ಣು ನೋಡಲು ಹೋದ ಮನೆಯಲ್ಲಿ ತಾಳಮದ್ದಳೆ ಕೂಟ! ಅಜ್ಜರು ಮಂಚದಿಂದ ಇಳಿದು, ಚಾಪೆ ಹಾಕಿಸಿ, ಪಂಚೆ ಸರಿಮಾಡಿ ಚಕ್ಕಳಮಕ್ಕಳ ಹಾಕಿ ಕುಳಿತರು. ಅಣ್ಣಯ್ಯ ಎದುರು ಕುಳಿತ. ಅವನ ಕಾಲು ನಮ್ಮಿಬ್ಬರ ವಶ ತಪ್ಪಿತು.

“ಎಲವೋ ಒರೂನ!” ಅಜ್ಜರ ದನಿಗೆ ಮಾಡಿನ ಹಂಚು ನಡುಗಿತು. “ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಮಾತ್ರಕ್ಕೆ ನೀನು ವೀರನೇನು? ಕಾಗೆಯೂ ಮರದಿಂದ ಮರಕ್ಕೆ ಹಾರುತ್ತದೆ!”

“ಕಾಗಿ ಬೆಂಕಿ ದೂಡುತ್ತಾ ರಾಣಿ?” ಅಣ್ಣಯ್ಯನೂ ಏರಿದ. “ಈ ಅಂಗೈ ಕಂಡ್ ಸೂರ್ಯನೇ ಬದಿಗ್ ಸರಿತ!”

“ಸೂರ್ಯ ಸರಿಯಲು ಹೊತ್ತು ಬೇಕಲ್ಲವೇ? ಆ ಹೊತ್ತು ಯಾರ ಕೈಯಲ್ಲಿದೆ ಮರುಳೇ?”

ಬೇಲಿಯ ಬಳಿ ನೆರೆಯವರು ನಿಂತರು. ಆಮೇಲೆ ಅಂಗಳಕ್ಕೆ ಬಂದರು. ಆಮೇಲೆ ಚಾವಡಿ ಮೆಟ್ಟಿಲಿನಲ್ಲಿ ಕುಳಿತರು. “ಯಾವ ಪ್ರಸಂಗ ಮಾರ್ರೆ?” ಎಂದು ಒಬ್ಬ ಕೇಳಿದ. “ಹೊಸ್ತ್. ಸುಮ್ಮನ್ ಕೂಕೋ,” ಎಂದು ಇನ್ನೊಬ್ಬ ಗದರಿದ. ಆ ಸಿನೆಮಾ ಒಂದನ್ನೂ ನೋಡದ ಅಜ್ಜರು ಅಣ್ಣಯ್ಯ ಹೇಳಿದ ನಾಲ್ಕು ಮಾತು ಹಿಡಿದುಕೊಂಡು ಅವನನ್ನೇ ಕಟ್ಟಿಹಾಕುತ್ತಿದ್ದರು! ನನಗೂ ಮೈ ಜುಮ್ಮೆಂದಿತು. ಯಾರ ಮದುವೆ, ಯಾರ ಮಾತುಕತೆ, ಎಲ್ಲ ಮರೆತು ಕೆಲ್ವಾ ರಾಣಿಯ ಕಡೆ ಚಪ್ಪಾಳೆ ಹೊಡೆದೆ. ನಮ್ಮನೆಯವರು ನನ್ನ ಕಾಲು ತುಳಿದರು.

ಕೊನೆಗೆ ಅಜ್ಜರು ಎದುರಿಗೆ ಬಾಗಿ, ದನಿ ತಗ್ಗಿಸಿ ಕೇಳಿದರು. “ನಾನು ಕಾಲವನ್ನು ನಿಲ್ಲಿಸಿದ್ದೆ. ನೀನು ತಪ್ಪಿಸಿಕೊಂಡೆ ಎನ್ನುತ್ತೀಯೆ. ಕಾಲವೇ ಇಲ್ಲದಾಗ, ಯಾವಾಗ ತಪ್ಪಿಸಿಕೊಂಡೆ?”

ಸಭೆಯೇ ಹೋ ಎಂದಿತು! ಅಣ್ಣಯ್ಯ ಬಾಯಿ ತೆರೆದ. ಅಜ್ಜರ ಮುಖ ನೋಡಿದ. ಬಾಯಿ ಮುಚ್ಚಿದ. ಎರಡೂ ಕೈ ಜೋಡಿಸಿ, “ಸೋತೆ ರಾಣಿ,” ಎಂದ.

ಅಜ್ಜರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು ನಕ್ಕರು.

ನನಗೆ ನಗು ಬರಲಿಲ್ಲ. ಮೀನಿನ ಹೆಂಗಸಿಗೆ ಬಿಟ್ಟರೆ ಯಾರಿಗೂ ಸೋಲದ ಅಣ್ಣಯ್ಯ ಇಲ್ಲಿ ಸೋತ, ಇನ್ನು ಸಂಬಂಧವೂ ಸೋತಿತು ಎಂದುಕೊಂಡು ಲೋಟ ಕೊಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಕ್ಷಮೆ ಕೇಳೋಣ ಎಂದು. ಹುಡುಗಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಹೆಗಲು ಅಲುಗುತ್ತಿತ್ತು.

“ಬೇಜಾರ್ ಮಾಡ್ಕಣ್ಬೇಡ ಹೆಣೆ. ಅಣ್ಣಯ್ಯ ಪಾಪದವ. ಅವನ ಕಥೆ ಮರ್ಳ್ ಒಂದ್ ಬಿಟ್ರೆ...”

ಅವಳು ತಿರುಗಿ ನನ್ನ ಕೈ ಹಿಡಿದಳು. “ಅಮ್ಮ ಹೋದ್ಮೇಲೆ ಅಪ್ಪಯ್ಯನ ದನಿ ನಾನ್ ಕೇಂಡದ್ದೇ ಇವತ್ತ್ ಅಕ್ಕಾ. ಹೂಂ, ಉಹೂಂ, ಅಷ್ಟೇ ಇತ್ತ್. ಅವ್ರನ್ ಹೀಂಗೇ ಬಿಟ್ಟ್ ಹ್ಯಾಂಗ್ ಹೋಪುದ್ ಅಂದೇ ಎಲ್ಲರನ್ನೂ ಬೇಡ ಅಂದದ್ದ್ ನಾನ್.”

ನಾನು ಲೋಟ ಕೆಳಗಿಟ್ಟೆ.

“ನಂಗ್ ಒಪ್ಪಿಗಿ ಇತ್ತ್,” ಎಂದಳು ಕಣ್ಣೊರೆಸಿಕೊಂಡು. “ಆದ್ರೆ ಒಂದ್ ಶರ್ತ. ಪ್ರತೀ ವಾರ ಅವ್ರ್ ಇಲ್ಲಿಗ್ ಬರ್ಕ್. ಅಪ್ಪಯ್ಯನ ಎದ್ರಿಗೆ ಕೂಕಂಡ್ ಸೋಲ್ಕ್.”

ಬಸ್ಸಿನಲ್ಲಿ ಅಣ್ಣಯ್ಯನಿಗೆ ಸುದ್ದಿ ಹೇಳಿದೆ. ಅವನು ಕುಣಿಯಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡಿದ.

“ಪಾಪ, ಅಜ್ಜರ ಪ್ರಶ್ನೆಗೆ ನಿಂಗೂ ಉತ್ತರ ಸಿಕ್ಲಿಲ್ಲ ಅಲ್ದಾ?” ಎಂದೆ.

“ಉತ್ತರ ಇತ್ತ್.”

“ಇತ್ತಾ? ಎಂತದ್?”

“ಕೆಲ್ವಾ ಎಷ್ಟ್ ಹೊತ್ತ್ ಉಸ್ರ್ ಹಿಡೀತ್ಳ್? ಒಂದಲ್ಲ ಒಂದ್ ಸಲ ಉಸ್ರ್ ಬಿಡ್ಕಲ್ದಾ? ಆ ಎಡಿಯಲ್ಲಿ ತಪ್ಪಿಸ್ಕಂಡ ಒರೂನ್.”

“ಮತ್ತೆಂತಕೆ ಹೇಳ್ಲಿಲ್ಲ?”

ಅಣ್ಣಯ್ಯ ತನ್ನ ಅಂಗೈ ನೋಡಿಕೊಂಡ. “ಕಂಡ್ಯಾ ಅವ್ರನ್? ಉಸ್ರ್ ಬಿಡ್ದೆ ಮಾತಾಡ್ತಿದ್ರ್. ಎಷ್ಟ್ ಕಾಲದ್ದೋ ಮಾತ್. ನಡುವಲ್ಲಿ ಎಡಿ ಹುಡ್ಕುಕೆ ಮನಸ್ಸ್ ಬರ್ಲಿಲ್ಲ.”

ಅಮೆರಿಕದವನಿಗೆ ಒಂದು ಮಾತು ಬಿಟ್ಟುಕೊಡದವನು! ನಾನು ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಧೂಳು ಹೋಯ್ತಾ ಎಂದು ನಮ್ಮನೆಯವರು ಕೇಳಿದರು. ಹೌದು ಎಂದೆ.

ಮನೆಗೆ ಬಂದು ಸೀರೆ ಬದಲಿಸಿ ದೇವರಿಗೆ ದೀಪ ಹಚ್ಚಿದೆ. ಏನೂ ಬೇಡಿಕೊಳ್ಳಲು ತೋಚಲಿಲ್ಲ, ಸುಮ್ಮನೆ ನಿಂತು ಬಂದೆ. ಬೆಳಗಿನ ನೀರುದೋಸೆಗೆ ಅಕ್ಕಿ ನೆನೆಹಾಕುವುದಿತ್ತು. ಡಬ್ಬದ ಮುಚ್ಚಳ ತೆಗೆದೆ.